ಪರಾಭವ ಮೀಮಾಂಸೆ: ನಾಲ್ಕು ತಾಲ್ಲೂಕುಗಳ ಕಬಡ್ಡಿ ಸೋಲಿನ ಅಂತರ್‌ಶಿಸ್ತೀಯ ಅನುಸಂಧಾನ

1. ವ್ಯಾಖ್ಯೆ ಮತ್ತು ವ್ಯಾಪ್ತಿ

ಗೆದ್ದೇ ಗೆಲ್ಲುತ್ತದೆ ಎಂದುಕೊಂಡಿದ್ದ ತಂಡ, ಲೆಕ್ಕಕ್ಕೇ ಇಲ್ಲದ ತಂಡದ ಕೈಯಲ್ಲಿ ಸೋಲುವುದೇ ಆಘಾತಕಾರಿ ಪರಾಭವ. ಅದೂ ಪಟಾಕಿ ಸರ, ಹೂವಿನ ಹಾರ, ತಮಟೆಯವರಿಗೆ ಮುಂಗಡ ಎಲ್ಲ ಆದ ಮೇಲೆ ಸೋಲಬೇಕು. ಪಟಾಕಿ ತರುವ ಮೊದಲೇ ಆದದ್ದು ಬರೀ ಸೋಲು. ಈ ಶಾಸ್ತ್ರದ ವ್ಯಾಪ್ತಿಗೆ ಅದು ಬಾರದು. ವಿಚಾರ ಸಂಕಿರಣಗಳಲ್ಲಿ ಇದನ್ನು ‘ನಿರೀಕ್ಷಾಭಂಗಜನ್ಯ ಸಾಮುದಾಯಿಕ ಅಸ್ಮಿತೆಯ ವಿಘಟನಾತ್ಮಕ ಸಂಕಥನ’ ಎಂದು ಕರೆಯತಕ್ಕದ್ದು. ಹಾಗೆ ಕರೆದವರಿಗೆ ಪ್ರಯಾಣ ಭತ್ಯೆ ಉಂಟು.

ಅಧ್ಯಯನದ ಕ್ಷೇತ್ರ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು. ಅಧ್ಯಯನದ ವಸ್ತು ಅಂತರಕಾಲೇಜು ಕಬಡ್ಡಿ. ಅಮೆರಿಕದವರಿಗೆ ಕಾಲೇಜು ಫುಟ್‌ಬಾಲ್ ಹೇಗೋ ಈ ಸೀಮೆಗೆ ಕಬಡ್ಡಿ ಹಾಗೆ. ಅಲ್ಲಿ ತರಬೇತುದಾರನಿಗೆ ಕೋಟಿಗಟ್ಟಲೆ ಸಂಬಳ, ಇಲ್ಲಿ ತರಬೇತುದಾರನಿಗೆ ಪ್ರವೇಶಾತಿ ಕೌಂಟರ್. ವ್ಯತ್ಯಾಸ ಅಷ್ಟೇ.

2. ಸೈದ್ಧಾಂತಿಕ ಚೌಕಟ್ಟು

2007ರ ಸೆಪ್ಟೆಂಬರ್ 1ರಂದು ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ 5ನೇ ಶ್ರೇಯಾಂಕದ ಮಿಷಿಗನ್ ತಂಡ, ಕೆಳಗಿನ ವಿಭಾಗದ ಆಪಲಾಚಿಯನ್ ಸ್ಟೇಟ್ ತಂಡಕ್ಕೆ ತನ್ನ ಮೈದಾನದಲ್ಲೇ, ಲಕ್ಷಕ್ಕೂ ಮೀರಿದ ಜನರ ಎದುರು ಸೋತಿತು. ಅಂಕ 34–32. ಆ ಋತು ಮುಗಿಯುತ್ತಿದ್ದಂತೆ ಮಿಷಿಗನ್ ತರಬೇತುದಾರ ಲಾಯ್ಡ್ ಕಾರ್ ನಿವೃತ್ತರಾದರು. 2016ರ ಅಕ್ಟೋಬರ್ 7ರಂದು ಅಹಮದಾಬಾದಿನಲ್ಲಿ ಕಬಡ್ಡಿ ವಿಶ್ವಕಪ್‌ನ ಮೊದಲ ಪಂದ್ಯ. ಭಾರತ ದಕ್ಷಿಣ ಕೊರಿಯಾಕ್ಕೆ ಸೋತಿತು. ಅಂಕ 34–32.

ಎರಡು ಖಂಡ, ಎರಡು ಆಟ, ಒಂದೇ ಅಂಕ. ಸಿದ್ಧಾಂತಕ್ಕೆ ಇಷ್ಟು ಸಾಮಗ್ರಿ ಧಾರಾಳವಾಯಿತು. ಇದನ್ನು ‘ಮೂವತ್ತನಾಲ್ಕು–ಮೂವತ್ತೆರಡರ ಸಾರ್ವತ್ರಿಕ ನಿಯಮ’ ಎಂದು ಈ ಮೂಲಕ ಘೋಷಿಸಲಾಗಿದೆ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್‌ನಲ್ಲಿ ಇರಾನ್ ಭಾರತವನ್ನು 27–18ರಿಂದ ಸೋಲಿಸಿತು. 1990ರಿಂದ ಕೈತಪ್ಪದಿದ್ದ ಪುರುಷರ ಚಿನ್ನ ಅಂದು ತಪ್ಪಿತು. ಆದರೆ ಈ ಅಂಕ ನಿಯಮಕ್ಕೆ ಒಗ್ಗದ ಕಾರಣ ಅದನ್ನು ಅಪವಾದವೆಂದು ಕೈಬಿಡಲಾಗಿದೆ. 2016ರ ಅದೇ ವಿಶ್ವಕಪ್‌ನ ಫೈನಲ್‌ನಲ್ಲಿ ಭಾರತವೇ ಇರಾನನ್ನು 38–29ರಿಂದ ಸೋಲಿಸಿ ಗೆದ್ದದ್ದೂ ಚೌಕಟ್ಟಿನೊಳಗೆ ಕೂರುವುದಿಲ್ಲ, ಅದನ್ನೂ ಬಿಡಲಾಗಿದೆ.

3. ಪರಾಭವದ ಯಾಂತ್ರಿಕತೆ

ಕಬಡ್ಡಿ ಸೋಲಿಗೆ ಹೇಳಿ ಮಾಡಿಸಿದ ಆಟ. ಕಡೆಗೆ ಏಳು ಜನ, ರೈಡಿಗೆ 30 ಸೆಕೆಂಡು. ಮೂರೋ ಅದಕ್ಕೂ ಕಡಿಮೆಯೋ ಜನ ಉಳಿದ ತಂಡ ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದು ಅಂಕ ಹೆಚ್ಚು. ಏಳೂ ಜನ ಔಟಾದರೆ ಲೋನಾ, ಎದುರಾಳಿಗೆ ಎರಡು ಹೆಚ್ಚುವರಿ ಅಂಕ. ಏಳೆಂಟು ಅಂಕ ಮುಂದಿದ್ದ ತಂಡ ಮೂರು ನಿಮಿಷದಲ್ಲಿ ಹಿಂದೆ ಬೀಳಬಹುದು. ಮುಂದಿದ್ದೇವೆ ಎಂದು ಹೊತ್ತು ಕಳೆಯಲು ಹೋದವರ ಗತಿ ಸಾಮಾನ್ಯವಾಗಿ ಇದೇ: ಎರಡು ಖಾಲಿ ರೈಡ್, ಮೂರನೆಯದು ಅಂಕ ತರಲೇಬೇಕಾದ ಡೂ ಆರ್ ಡೈ, ಅದರಲ್ಲಿ ಮುಖ್ಯ ರೈಡರ್ ಔಟ್, ಆಮೇಲೆ ಸಾಲಾಗಿ ಎಲ್ಲರೂ. ಇಷ್ಟನ್ನು ಹಳ್ಳಿಯ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಆದ್ದರಿಂದ ಇದಕ್ಕೆ ವಿದ್ವತ್ ಮೌಲ್ಯವಿಲ್ಲ.

4. ಅಭಿಮಾನಿ ಪಂಥಗಳು

ಸೋತ ತಂಡದ ಅಭಿಮಾನಿಗಳನ್ನು ತಾಲ್ಲೂಕುವಾರು ನಾಲ್ಕು ಪಂಥಗಳಾಗಿ ವಿಂಗಡಿಸಲಾಗಿದೆ.

(ಅ) ಶ್ರೀರಂಗಪಟ್ಟಣದ ದ್ರೋಹವಾದಿಗಳು. 1799ರ ಮೇ 4ರಂದು ಟಿಪ್ಪುವಿನ ಕೋಟೆ ಬಿದ್ದಾಗಿನಿಂದ ಇಲ್ಲಿ ಯಾರೂ ಸುಮ್ಮನೆ ಸೋತಿಲ್ಲ, ಒಳಗಿನವರು ಸೋಲಿಸಿದ್ದಾರೆ. ಪ್ರತಿ ಪಂದ್ಯದ ನಂತರ ಒಬ್ಬ ಮೀರ್ ಸಾದಿಕ್‌ನನ್ನು ಗುರುತಿಸಲಾಗುತ್ತದೆ. ಬಹುತೇಕ ಅವನು ಎಡ ಕಾರ್ನರ್‌ನಲ್ಲಿ ಆಡುವವನು. “ದುಡ್ ತಿಂದವ್ನೆ ಕಣ್ಲಾ, ಇಲ್ದಿದ್ರೆ ಆ ಕಾಲು ಬುಡ್ತಿದ್ನಾ?” ಎಂಬುದು ಈ ಪಂಥದ ಮೂಲಸೂತ್ರ. ಆ ಹುಡುಗ ಮಂಡಿ ಊದಿಸಿಕೊಂಡೇ ಇಡೀ ಪಂದ್ಯ ಆಡಿದ್ದನೆಂಬುದು ಸೂತ್ರಕ್ಕೆ ಸಂಬಂಧಿಸಿದ್ದಲ್ಲ.

(ಆ) ಪಾಂಡವಪುರದ ಬಾಜಿವಾದಿಗಳು. ಜೂಜಿನಲ್ಲಿ ಎಲ್ಲವನ್ನೂ ಸೋತ ಪಾಂಡವರು ಬಂದು ತಂಗಿದ್ದರೆಂದು ನಂಬಿರುವ ಕುಂತಿಬೆಟ್ಟ ಊರ ಪಕ್ಕದಲ್ಲೇ ಇದೆ. ಆ ಪಾಠವನ್ನು ಯಾರೂ ಕಲಿತಂತಿಲ್ಲ. ಇಲ್ಲಿ ಪರಾಭವವನ್ನು ಅಂಕಗಳಲ್ಲಿ ಅಳೆಯುವುದಿಲ್ಲ, ಕುರಿಗಳಲ್ಲಿ ಅಳೆಯುತ್ತಾರೆ. ಸೋತವರ ಕುರಿ ಗೆದ್ದವರ ಬಾಡೂಟವಾಗುತ್ತದೆ. ಸೋತವರೂ ಬಂದು ಉಂಡು ಹೋಗುತ್ತಾರೆ. ಆಘಾತ ನಿವಾರಣೆಗೆ ಇದಕ್ಕಿಂತ ಒಳ್ಳೆಯ ಮನಃಶಾಸ್ತ್ರೀಯ ಕ್ರಮವನ್ನು ಯಾವ ಸಂಕಿರಣವೂ ಸೂಚಿಸಿಲ್ಲ.

(ಇ) ಕೆ.ಆರ್. ಪೇಟೆಯ ಚುನಾವಣಾವಾದಿಗಳು. ಜಿಲ್ಲೆಯಲ್ಲಿ ಖಾತೆಯನ್ನೇ ತೆರೆಯದಿದ್ದ ಬಿಜೆಪಿ 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಇಲ್ಲಿ ವಿಧಾನಸಭಾ ಸ್ಥಾನ ಗೆದ್ದಿತು. ಅದೇ ವರ್ಷದ ಮೇ ತಿಂಗಳ ಲೋಕಸಭಾ ಫಲಿತಾಂಶದಲ್ಲಿ ಆಗಿನ ಮುಖ್ಯಮಂತ್ರಿಯ ಮಗ ನಿಖಿಲ್ ಕುಮಾರಸ್ವಾಮಿ ಅವರನ್ನು ಪಕ್ಷೇತರರಾಗಿದ್ದ ಸುಮಲತಾ ಅಂಬರೀಶ್ ಒಂದೂಕಾಲು ಲಕ್ಷ ಮತಗಳಿಂದ ಸೋಲಿಸಿದ್ದನ್ನು ಇಡೀ ಜಿಲ್ಲೆ ಕಂಡಿತ್ತು. ಆದ್ದರಿಂದ ಇಲ್ಲಿನ ಅಭಿಮಾನಿ ಕಬಡ್ಡಿ ಸೋಲನ್ನೂ ಬೂತುವಾರು ವಿಶ್ಲೇಷಿಸುತ್ತಾನೆ: ಕವರ್ ಯಾರ ಕಡೆಯವನು, ಅಂಪೈರ್ ಯಾವೂರಿನವನು, ಬೋನಸ್ ಗೆರೆ ಮುಟ್ಟದ್ದರ ಹಿಂದೆ ಯಾರ ಕೈವಾಡ.

(ಈ) ನಾಗಮಂಗಲದ ಹರಕೆವಾದಿಗಳು. ಆದಿಚುಂಚನಗಿರಿಯ ಕಾಲಭೈರವನಿಗೆ ಹರಕೆ ಹೊತ್ತು ಬಂದಿದ್ದವರು ಎಂದು ಬರೆದು, ಇವರಲ್ಲಿ ಮತ್ತೆ ಐದು ಉಪಪಂಥಗಳನ್ನು ಕಲ್ಪಿಸಬಹುದಿತ್ತು. ಆದರೆ ನಾಲ್ಕೂ ತಾಲ್ಲೂಕಿನಲ್ಲಿ ದ್ರೋಹವಾದಿಗಳೂ ಇದ್ದಾರೆ, ಬಾಜಿ ಕಟ್ಟುವವರೂ ಇದ್ದಾರೆ, ಹರಕೆ ಹೊರುವವರೂ ಇದ್ದಾರೆ. ವರ್ಗೀಕರಣ ಇಲ್ಲಿಗೆ ಸಾಕು.

ಯಾವ ಪಂಥಕ್ಕೂ ಸೇರದ ಪ್ರೇಕ್ಷಕರೂ ಇದ್ದರು. ಪಾಂಡವಪುರ ಕಡೆಯ ರೈತ ನಾಯಕ, ಮೇಲುಕೋಟೆ ಶಾಸಕ ಕೆ.ಎಸ್. ಪುಟ್ಟಣ್ಣಯ್ಯ 2018ರ ಫೆಬ್ರವರಿ 18ರಂದು ಮಂಡ್ಯದಲ್ಲಿ ಕಬಡ್ಡಿ ನೋಡುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. ಶಾಸಕರಾದವರು ಬಹುಮಾನ ವಿತರಣೆಯ ಹೊತ್ತಿಗೆ ಬರುವುದು ವಾಡಿಕೆ. ಅವರು ಆಟ ನೋಡಲು ಕೂತಿದ್ದವರು.

5. ತರಬೇತುದಾರ ಎಂಬ ಪರಿಕಲ್ಪನೆ

ಸರ್ಕಾರಿ ಪದವಿ ಕಾಲೇಜಿನ ತರಬೇತುದಾರನ ಹುದ್ದೆಯ ಹೆಸರು ದೈಹಿಕ ಶಿಕ್ಷಣ ನಿರ್ದೇಶಕ. ಅವನ ಕರ್ತವ್ಯಗಳು: ಪ್ರವೇಶಾತಿ, ವಿದ್ಯಾರ್ಥಿವೇತನದ ಅರ್ಜಿ, ಆಗಸ್ಟ್ 15ರ ಕವಾಯತು, ಪರೀಕ್ಷಾ ಕೊಠಡಿ, ಚುನಾವಣೆ ಬಂದರೆ ಮತಗಟ್ಟೆ. ಉಳಿದ ಸಮಯದಲ್ಲಿ ಕಬಡ್ಡಿ. ಹುದ್ದೆ ಖಾಲಿಯಿದ್ದರೆ ಅರ್ಥಶಾಸ್ತ್ರದ ಮೇಷ್ಟ್ರಿಗೆ ಸೀಟಿ ಕೊಟ್ಟು ಕ್ರೀಡಾ ಉಸ್ತುವಾರಿ ಎನ್ನುತ್ತಾರೆ.

ಆಘಾತಕಾರಿ ಪರಾಭವದ ಮಾರನೆಯ ದಿನ ಇವನನ್ನು ‘ಆತ್ಮಾವಲೋಕನ ಸಭೆ’ಗೆ ಕರೆಯಲಾಗುತ್ತದೆ. ಸಭೆಯಲ್ಲಿ ಮೈದಾನ ಕಾಣದವರು ‘ಬಹುಆಯಾಮದ ಪರಿಪ್ರೇಕ್ಷ್ಯ’ದಲ್ಲಿ ಮಾತನಾಡುತ್ತಾರೆ. ಸೋಲಿನ ತಾತ್ವಿಕತೆ, ಸೋಲಿನ ಸಬಲೀಕರಣ, ಸೋಲಿನೊಂದಿಗೆ ಮುಖಾಮುಖಿ. ಕೊನೆಗೆ ಕಾರಣ ಕೇಳಿ ನೋಟಿಸು.

ಕಾರಣ ಇಷ್ಟೇ. ಹುಡುಗರು ಅಭ್ಯಾಸ ಮಾಡಿದ್ದು ಮಣ್ಣಿನಲ್ಲಿ, ಪಂದ್ಯ ಆಡಿದ್ದು ಮ್ಯಾಟಿನ ಮೇಲೆ. ಮಣ್ಣಿನಲ್ಲಿ ಬರಿಗಾಲು ಜಾರಿಸಿ ತಿರುಗುತ್ತಿದ್ದವನಿಗೆ ಮ್ಯಾಟಿನಲ್ಲಿ ಕಾಲು ಹಿಡಿದುಕೊಳ್ಳುತ್ತದೆ. ಅರ್ಧ ಹೆಜ್ಜೆ ತಡವಾದರೆ ಕಾರ್ನರ್‌ನವನಿಗೆ ಪಾದ ಸಿಕ್ಕಿತು. ಶೂ ಸಾಲದು. ಬದಲಿ ಆಟಗಾರ ಒಳಗೆ ಹೋಗುವಾಗ ಹೊರಬಂದವನು ಗೆರೆಯಾಚೆ ಕೂತು ಲೇಸು ಬಿಚ್ಚಿ, ಬೆವರಿದ ಶೂ ಕಳಚಿ ಅವನತ್ತ ತಳ್ಳುತ್ತಾನೆ. ಅವನದು ಎಂಟು, ಇವನದು ಆರು. ಮುಂದೆ ಬಟ್ಟೆ ತುರುಕಿ ಗಂಟು ಬಿಗಿಯುವಷ್ಟರಲ್ಲಿ ಅಂಪೈರ್ ಸೀಟಿ ಊದಿರುತ್ತಾನೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ತಿಂದ ಚಿತ್ರಾನ್ನ ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇಲ್ಲ. ಕಾಲೇಜಿನ ಮೈದಾನದಲ್ಲಿ ಮೊನ್ನೆಯ ಸಮಾವೇಶದ ಪೆಂಡಾಲು ಗುಂಡಿಗಳನ್ನು ಯಾರೂ ಮುಚ್ಚಿಲ್ಲ. ಇದರಲ್ಲಿ ಸಂಕಥನ ಎಲ್ಲಿದೆ?

ಹುಡುಗಿಯರ ತಂಡದ ಸೋಲಿನ ಮೇಲೆ ಸಂಕಿರಣ ನಡೆಯುವುದಿಲ್ಲ. ಹುಡುಗ ಸೋತರೆ ಮುಂದಿನ ವಾರ ಇನ್ನೊಂದು ಊರಿನ ಹೊನಲು ಬೆಳಕಿನ ಪಂದ್ಯವಿದೆ. ಹುಡುಗಿ ಸೋತು ರಾತ್ರಿ ಬಸ್ಸಿನಲ್ಲಿ ಬಂದರೆ ಮನೆಯಲ್ಲಿ “ಆಡಿದ್ದು ಸಾಕು ಬುಡವ್ವ” ಎನ್ನುತ್ತಾರೆ. ಒಂದು ಲೋನಾಕ್ಕೆ ಅವಳ ಆಟವೇ ಮುಗಿಯುತ್ತದೆ. 2018ರ ಜಕಾರ್ತದಲ್ಲಿ ಭಾರತದ ಮಹಿಳೆಯರನ್ನು ಫೈನಲ್‌ನಲ್ಲಿ 27–24ರಿಂದ ಸೋಲಿಸಿದ ಇರಾನ್ ತಂಡದ ತರಬೇತುದಾರರು ನಾಸಿಕ್‌ನ ಶೈಲಜಾ ಜೈನ್. ಹೇಳಿಕೊಡಬಲ್ಲವರು ಈ ದೇಶದಲ್ಲಿ ಇದ್ದಾರೆ. ಹೇಳಿಕೊಡಲು ಅವರಿಗೆ ಹುದ್ದೆ, ಅಂಕಣ, ಹೊತ್ತು ಬೇಕು.

6. ನಿರ್ಣಯ

ವರ್ಷದಲ್ಲಿ ಒಂದು ದಿನವೂ ಅಭ್ಯಾಸ ನೋಡದವರಿಗೆ ಮಾತ್ರ ಸೋಲು ಆಘಾತಕಾರಿ. ದಿನಾ ನೋಡುವ ಪಿ.ಇ. ಮೇಷ್ಟ್ರಿಗೆ ಆಘಾತವಾಗುವುದು ತಂಡ ಗೆದ್ದಾಗ. ಮೊದಲು ತಾಲ್ಲೂಕಿಗೊಂದು ಮ್ಯಾಟ್ ಹಾಕಿಸಲಿ, ಬದಲಿಯವರೂ ಸೇರಿ ಎಲ್ಲರಿಗೂ ಒಂದೊಂದು ಜೊತೆ ಶೂ ಕೊಡಿಸಲಿ, ಖಾಲಿ ಹುದ್ದೆ ತುಂಬಲಿ, ಹುಡುಗಿಯರನ್ನು ಇನ್ನೊಂದು ವರ್ಷ ಆಡಲು ಬಿಡಲಿ. ಅಷ್ಟಾದ ಮೇಲೂ ಸೋತರೆ ಮೀಮಾಂಸೆ ಬರೆಯುವುದಕ್ಕೆ ಯಾರದೂ ಅಡ್ಡಿಯಿಲ್ಲ.