ಶಬ್ದದಾನದ ಕೊಡುಗೈಗಳಿಗೆ ಒಂದು ಬಹಿರಂಗ ಪತ್ರ

ಬಸ್ಸು, ರೈಲು, ಮೆಟ್ರೋಗಳಲ್ಲಿ ಸದಾ ದಾನನಿರತರಾದ ಮಹನೀಯರ ಸನ್ನಿಧಾನಕ್ಕೆ,

ನಾಲ್ಕು ಜನ ಕೂತ ಜಾಗದಲ್ಲಿ ಇಯರ್‌ಫೋನ್ ಇಲ್ಲದೆ ಮೊಬೈಲಿನ ಸದ್ದನ್ನು ಸುತ್ತಲಿನವರಿಗೆಲ್ಲ ಹಂಚುವುದಕ್ಕೆ ಶಬ್ದದಾನ ಎನ್ನಬಹುದು. ಅನ್ನದಾನ, ರಕ್ತದಾನಗಳಲ್ಲಿ ಪಡೆಯುವವರಿಗೆ ಅದರ ಅಗತ್ಯವಿರುತ್ತದೆ; ಶಬ್ದದಾನಕ್ಕೆ ಅಂಥ ಕಟ್ಟುಪಾಡಿಲ್ಲ. ಬೇಡವೆಂದವರಿಗೂ ಇದು ಸಲ್ಲುತ್ತದೆ, ಬೇಡವೆಂದವರಿಗೆ ಒಂದು ತೂಕ ಹೆಚ್ಚೇ ಸಲ್ಲುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಹಿರಿಯರ ಕಟ್ಟಳೆಯೂ ಇಲ್ಲಿ ನಡೆಯದು. ಕೊಟ್ಟದ್ದು ಡ್ರೈವರ್ ಸೀಟಿನಿಂದ ಹಿಡಿದು ಹಿಂದಿನ ಉದ್ದ ಸೀಟಿನವರೆಗೆ ಎಲ್ಲರಿಗೂ ತಿಳಿಯಲೇಬೇಕು. ದಾನಿಯ ಕೈಯಿಂದ ಹೋಗುವುದು ಬ್ಯಾಟರಿಯ ಒಂದಿಷ್ಟು ಚಾರ್ಜು ಮಾತ್ರ, ಅದನ್ನೂ ಬಸ್ಸಿನ ಯುಎಸ್‌ಬಿ ಪಾಯಿಂಟಿನಲ್ಲಿ ತುಂಬಿಸಿಕೊಳ್ಳುವ ಅನುಕೂಲ ಈಗ ಕೆಲವು ಕಡೆ ಇದೆ.

ದಾನದ ಸಾಮಗ್ರಿಯಲ್ಲಿ ಅಗ್ರಸ್ಥಾನ ರೀಲ್ಸ್‌ಗೆ. ಒಂದು ರೀಲನ್ನು ಪೂರ್ತಿ ಕೇಳುವ ಭಾಗ್ಯ ಬಸ್ಸಿನಲ್ಲಿ ಯಾರಿಗೂ ಇರುವುದಿಲ್ಲ, ಸ್ವತಃ ದಾನಿಗೂ ಇಲ್ಲ. ಹಾಡು ಪಲ್ಲವಿಯ ಎರಡನೇ ಸಾಲಿಗೆ ಬರುವ ಮೊದಲೇ ಹೆಬ್ಬೆರಳು ಮೇಲಕ್ಕೆ ಜಾರುತ್ತದೆ. ಕೂಡಲೇ ಯಾರೋ ಮೊಣಕಾಲು ನೋವಿಗೆ ಮೆಂತ್ಯೆಯ ಮಹಿಮೆ ಹೇಳತೊಡಗುತ್ತಾರೆ. ಅದನ್ನು ಊಟಕ್ಕೆ ಮುಂಚೆ ತಿನ್ನಬೇಕೋ ಆಮೇಲೋ ಎಂಬುದು ಗೊತ್ತಾಗುವಷ್ಟರಲ್ಲಿ ರೆಕಾರ್ಡು ಮಾಡಿಟ್ಟ ನಗು ಸಿಡಿಯುತ್ತದೆ, ಅದರ ಹಿಂದೆಯೇ ಸೈಟು ಮಾರುವವರ ಕೂಗು, ಮತ್ತೆ ಅದೇ ಹಾಡಿನ ಅದೇ ಒಂದೂವರೆ ಸಾಲು. ಹಾಸನದ ಬಸ್ಸು ನೆಲಮಂಗಲ ಬಿಟ್ಟು ಕುಣಿಗಲ್ ಸೇರುವುದರೊಳಗೆ ಆ ಒಂದೂವರೆ ಸಾಲು ಬಸ್ಸಿನಲ್ಲಿರುವ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ಮುಂದಿನ ಸಾಲು ಏನೆಂಬುದು ಯಡಿಯೂರು ದಾಟಿದರೂ ಯಾರಿಗೂ ತಿಳಿದಿರುವುದಿಲ್ಲ.

ಎರಡನೆಯದು ಸ್ಪೀಕರ್ ಹಾಕಿ ಆಡುವ ಮಾತು. ಫೋನನ್ನು ಕಿವಿಗೆ ಒತ್ತಿಹಿಡಿಯುವ ಪದ್ಧತಿ ಹಳತಾಯಿತು. ಈಗ ಅದನ್ನು ಬಾಯಿಯ ಮುಂದೆ ಅಡ್ಡಡ್ಡ ಹಿಡಿಯಬೇಕು, ಮಾತು ಮುಗಿದಾಗ ಉತ್ತರ ಕೇಳಲು ಸ್ವಲ್ಪ ಮೇಲಕ್ಕೆತ್ತಬೇಕು. ಇದರಿಂದ ಸಹಪ್ರಯಾಣಿಕರಿಗೆ ಎರಡೂ ಕಡೆಯ ಸಂಗತಿ ಸವಿಸ್ತಾರವಾಗಿ ಸಿಗುತ್ತದೆ: ಭಾಗಪತ್ರಕ್ಕೆ ಸಣ್ಣ ತಮ್ಮ ಯಾಕೆ ಸಹಿ ಹಾಕುತ್ತಿಲ್ಲ, ಮದುವೆ ಛತ್ರಕ್ಕೆ ಅಡ್ವಾನ್ಸ್ ಎಷ್ಟು ಕೊಟ್ಟದ್ದು, ಬೋರ್‌ವೆಲ್ ಎಷ್ಟು ಅಡಿಗೆ ಹೋದರೂ ಬರೀ ಧೂಳು. ದಾನಿಗಳ ಪರವಾಗಿ ಇಲ್ಲಿ ವಿಜ್ಞಾನವೂ ಒಂದು ಮಾತು ಹೇಳುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೂರ್ತಿ ಸಂಭಾಷಣೆ ಕಿವಿಗೆ ಬೀಳುವುದಕ್ಕಿಂತ ಒಂದೇ ಕಡೆಯ ಮಾತು ಬೀಳುವುದು ಗಮನವನ್ನು ಹೆಚ್ಚು ಕೆಡಿಸುತ್ತದೆ. ಆಚೆ ಬದಿಯವರು ಏನೆಂದಿರಬಹುದು ಎಂದು ಮಿದುಳು ಊಹಿಸುತ್ತಲೇ ಇರುವುದು ಇದಕ್ಕೆ ಕಾರಣ. ಹಾಗಾಗಿ ಸ್ಪೀಕರ್ ಹಾಕಿದವರು ಬಸ್ಸಿನ ಅರ್ಧಕ್ಕರ್ಧ ತಲೆನೋವನ್ನು ತಾವೇ ಇಳಿಸಿದ್ದಾರೆಂದು ವಾದಿಸಲು ಅವಕಾಶವಿದೆ. ಯಾವ ದಾನಿಯೂ ಈ ವಾದವನ್ನು ಇನ್ನೂ ಹೂಡದಿರುವುದು ಅವರ ವಿನಯವೇ ಇರಬೇಕು.

ವಾಟ್ಸಾಪಿನ ವಾಯ್ಸ್ ಮೆಸೇಜುಗಳನ್ನು ಒಂದಾದ ಮೇಲೊಂದು ಕೇಳಿಸುವುದು, ಕ್ಯಾಮೆರಾ ಬಸ್ಸಿನ ಸೂರು ನೋಡುತ್ತಿರುವಾಗಲೇ ನಡೆಯುವ ವಿಡಿಯೋ ಕಾಲ್, ಮಗುವಿನ ಕೈಗೆ ಕೊಟ್ಟ ಕಾರ್ಟೂನು ಇವೆಲ್ಲ ಚಿಲ್ಲರೆ ದಾನಗಳು.

ಅಂಗೈಯಗಲದ ಫೋನಿನ ಸದ್ದು ಇಷ್ಟು ದೂರ ಹೋಗುವುದು ಹೇಗೆಂಬುದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿದೆ. ಫೋನಿನ ಸ್ಪೀಕರ್ ತೀರಾ ಸಣ್ಣದು. ತಗ್ಗು ಸ್ವರ ಹುಟ್ಟಿಸಲು ಬೇಕಾದಷ್ಟು ಗಾಳಿಯನ್ನು ಅದು ಅಲುಗಾಡಿಸಲಾರದು. ಹಾಗಾಗಿ ಮೃದಂಗದ ಗುಂಕು, ಗಾಯಕರ ಧ್ವನಿಯ ತುಂಬುತನ ಎಲ್ಲ ಸೋರಿಹೋಗಿ ಕೀರಲು ಭಾಗ ಮಾತ್ರ ಉಳಿಯುತ್ತದೆ. ಮನುಷ್ಯರ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದು ಸುಮಾರು 2,000ದಿಂದ 5,000 ಹರ್ಟ್ಸ್ ನಡುವಿನ ಸದ್ದಿಗೆ. ಫೋನು ಚೆನ್ನಾಗಿ ಕಿರುಚುವುದೂ ಅಲ್ಲೇ. ಇಂಜಿನ್ನಿನ ಗುಡುಗುಡು ಇದನ್ನು ಮುಚ್ಚಿಹಾಕಲಾರದು, ಏಕೆಂದರೆ ಅದು ಬಹುಪಾಲು ತಗ್ಗು ಸ್ವರದ್ದು. ಇದರ ಮೇಲೆ ಲೊಂಬಾರ್ ಪರಿಣಾಮ ಬೇರೆ. ಸುತ್ತ ಗದ್ದಲವಿದ್ದಾಗ ಮಾತಾಡುವವರ ದನಿ ಅವರಿಗೆ ಗೊತ್ತಿಲ್ಲದೆಯೇ ಏರುತ್ತದೆ ಎಂಬುದನ್ನು ಎತಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯ 1911ರಲ್ಲೇ ಬರೆದಿಟ್ಟ. ಒಬ್ಬರ ರೀಲ್ಸ್ ಸದ್ದಿಗೆ ಪಕ್ಕದವರ ಫೋನ್ ಮಾತು ಏರುತ್ತದೆ, ಮಾತು ಏರಿತೆಂದು ರೀಲ್ಸಿನವರು ವಾಲ್ಯೂಮ್ ಒತ್ತುತ್ತಾರೆ. ಬಸ್ಸಿನೊಳಗಿನ ಈ ಹರಾಜಿನಲ್ಲಿ ಕೂಗಿದವರೆಲ್ಲ ಗೆಲ್ಲುತ್ತಾರೆ, ದುಡ್ಡು ಕಟ್ಟುವುದು ಸುಮ್ಮನಿದ್ದವರು.

ಈ ದಾನಪರಂಪರೆಗೆ ಒಂದು ಇತಿಹಾಸವಿದೆ. ಸೋನಿ ಕಂಪನಿ ವಾಕ್‌ಮನ್ ಅನ್ನು ಜಪಾನಿನ ಮಾರುಕಟ್ಟೆಗೆ ಬಿಟ್ಟದ್ದು 1979ರ ಜುಲೈಯಲ್ಲಿ. ಕಂಪನಿಯ ಅಕಿಯೊ ಮೊರಿಟಾ ಅವರಿಗೆ ಒಂದು ಚಿಂತೆಯಿತ್ತು: ಒಬ್ಬರೇ ಕಿವಿ ಮುಚ್ಚಿಕೊಂಡು ಹಾಡು ಕೇಳುವುದು ಪಕ್ಕದವರಿಗೆ ಅಗೌರವ ತೋರಿದಂತಾಗುವುದಿಲ್ಲವೆ? ಆದ್ದರಿಂದ ಮೊದಲ ಮಾದರಿಗೆ ಎರಡು ಹೆಡ್‌ಫೋನ್ ರಂಧ್ರ ಕೊರೆಸಿದರು. ಕೇಳುತ್ತಿರುವ ಇಬ್ಬರು ಪರಸ್ಪರ ಮಾತಾಡಿಕೊಳ್ಳಲೆಂದು ಕಿತ್ತಳೆ ಬಣ್ಣದ ಒಂದು ಗುಂಡಿಯನ್ನೂ ಇಟ್ಟರು. ಜನ ಆ ಎರಡನೇ ರಂಧ್ರವನ್ನು ಹೆಚ್ಚು ಬಳಸಲಿಲ್ಲ, ಮುಂದಿನ ಮಾದರಿಗಳಲ್ಲಿ ಗುಂಡಿಯೂ ಹೋಯಿತು. ಮೊರಿಟಾ ಅವರ ಕೊರಗನ್ನು ನಮ್ಮ ದಾನಿಗಳು ಈಗ ಪೂರ್ತಿ ನೀಗಿಸಿದ್ದಾರೆ. ಇಬ್ಬರಿಗಲ್ಲ, ಐವತ್ತು ಸೀಟಿಗೂ ಹಾಡು ತಲುಪುತ್ತಿದೆ.

ಕರ್ನಾಟಕದ ಬಸ್ಸುಗಳಲ್ಲಿ ಸದ್ದೇ ಇರಲಿಲ್ಲ ಎನ್ನುವಂತಿಲ್ಲ. ಖಾಸಗಿ ಬಸ್ಸುಗಳ ಟೇಪ್ ರೆಕಾರ್ಡರು, ಆಮೇಲೆ ಬಂದ ವಿಡಿಯೋ ಕೋಚುಗಳು ರಾತ್ರಿಯಿಡೀ ದುಡಿದಿವೆ. ಆದರೆ ಅಲ್ಲಿ ಇದ್ದದ್ದು ಒಂದೇ ಹಾಡು, ಡ್ರೈವರ್ ಹಾಕಿದ ಹಾಡು. ಅದನ್ನು ಎಲ್ಲರೂ ಸೇರಿ ಕೇಳುತ್ತಿದ್ದರು, ಇಲ್ಲವೇ ಎಲ್ಲರೂ ಸೇರಿ ಬೈಯುತ್ತಿದ್ದರು. ಕ್ರಿಕೆಟ್ ಕಾಮೆಂಟರಿಯ ಟ್ರಾನ್ಸಿಸ್ಟರು ಹಿಡಿದವರ ಸುತ್ತ ಜನ ತಾವಾಗಿ ಮುತ್ತುತ್ತಿದ್ದರು, ಏಕೆಂದರೆ ಉಳಿದವರ ಬಳಿ ಟ್ರಾನ್ಸಿಸ್ಟರ್ ಇರಲಿಲ್ಲ. ಇಂದು ಹಾಡಿಲ್ಲದ ಬಡವರು ಬಸ್ಸಿನಲ್ಲಿ ಸಿಗುವುದೇ ಕಷ್ಟ. ದಾನ ಪಡೆಯುವ ಪ್ರತಿಯೊಬ್ಬರ ಜೇಬಿನಲ್ಲೂ ದಾನಿಯ ಫೋನಿನಂಥದೇ ಫೋನಿದೆ.

ತಂತ್ರಜ್ಞಾನದವರ ಪಾಲು ಇದರಲ್ಲಿ ದೊಡ್ಡದು. ಅಗ್ಗದ ಡೇಟಾ ಹೊತ್ತ ಜಿಯೋ ಸೇವೆ ಆರಂಭವಾದದ್ದು 2016ರ ಸೆಪ್ಟೆಂಬರ್ 5ರಂದು. ಎರಡು ದಿನ ಕಳೆದು, ಸೆಪ್ಟೆಂಬರ್ 7ರಂದು, ಆ್ಯಪಲ್ ಕಂಪನಿ ಹೆಡ್‌ಫೋನ್ ರಂಧ್ರವಿಲ್ಲದ ಐಫೋನ್ 7 ಪ್ರಕಟಿಸಿತು. ಒಂದೇ ವಾರದಲ್ಲಿ ಒಂದು ಕಡೆ ನಲ್ಲಿ ತೆರೆಯಿತು, ಇನ್ನೊಂದು ಕಡೆ ಕೊಡ ಒಡೆಯಿತು. ಬೇರೆ ಕಂಪನಿಗಳೂ ನಿಧಾನವಾಗಿ ಅದೇ ಹಾದಿ ಹಿಡಿದವು. 2020ರ ಜೂನ್ ಕೊನೆಗೆ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಗುತ್ತಲೇ ಜುಲೈಯಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು, ಅಕ್ಟೋಬರಿನಲ್ಲಿ ಐಫೋನಿನ ಪೆಟ್ಟಿಗೆಯಿಂದ ಇಯರ್‌ಫೋನೂ ಮಾಯವಾಯಿತು. ಇಯರ್‌ಫೋನ್ ತೆಗೆದದ್ದು ಪರಿಸರದ ಹಿತಕ್ಕಾಗಿ ಎಂದು ಆ್ಯಪಲ್ ಹೇಳಿತು. ಪರಿಸರದಲ್ಲಿ ಬಸ್ಸಿನ ಪಕ್ಕದ ಸೀಟು ಸೇರುವುದಿಲ್ಲವೆಂದು ಕಾಣುತ್ತದೆ. ಬಸ್ ನಿಲ್ದಾಣದ ಅಂಗಡಿಯಲ್ಲಿ ನೂರು ರೂಪಾಯಿಯೊಳಗೆ ಸಿಗುವ ತಂತಿಯ ಇಯರ್‌ಫೋನಿಗೆ ಈಗ ಎಷ್ಟೋ ಫೋನುಗಳಲ್ಲಿ ತೂತೇ ಇಲ್ಲ. ಬ್ಲೂಟೂತಿನದು ತಂದರೆ ಅದಕ್ಕೂ ಚಾರ್ಜು ಮಾಡಬೇಕು, ಒಂದು ಕಿವಿಯದು ಸೀಟಿನ ಸಂದಿಗೆ ಬಿದ್ದರೆ ಜೋಡಿಯೇ ಹೋಯಿತು. ದಾನಿಗಳೆಲ್ಲ ಹುಟ್ಟಾ ಉದಾರಿಗಳಲ್ಲ, ಕೆಲವರು ಹೀಗೆ ಅನಿವಾರ್ಯಕ್ಕೆ ಉದಾರಿಗಳಾದವರು. ಕಿವಿ ಮಂದವಾಗಿ, ಮಗಳ ಮಾತು ಸ್ಪೀಕರಿನಲ್ಲಷ್ಟೇ ಕೇಳುವ ವೃದ್ಧರನ್ನಂತೂ ಈ ಪತ್ರದ ವಿಳಾಸದಿಂದ ಕೈಬಿಡಲಾಗಿದೆ.

ಸರ್ಕಾರ ಕೈಕಟ್ಟಿ ಕೂತಿಲ್ಲ. ಶಬ್ದಮಾಲಿನ್ಯ ನಿಯಂತ್ರಣದ ಕೇಂದ್ರ ನಿಯಮಗಳು 2000ದಲ್ಲೇ ಬಂದಿವೆ. ಹಗಲು ಹೊತ್ತಿಗೆ ವಸತಿ ಪ್ರದೇಶದಲ್ಲಿ 55 ಡೆಸಿಬೆಲ್, ವಾಣಿಜ್ಯ ಪ್ರದೇಶದಲ್ಲಿ 65, ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರಿನ ನಿಶ್ಶಬ್ದ ವಲಯದಲ್ಲಿ 50 ಎಂದು ಅವು ಗೆರೆ ಎಳೆದಿವೆ. ಕೆ.ಆರ್. ಮಾರುಕಟ್ಟೆಯ ಗದ್ದಲ ಬಿಟ್ಟು ವಿಕ್ಟೋರಿಯಾ ಆಸ್ಪತ್ರೆಯ ಪಕ್ಕಕ್ಕೆ ಬರುವ ಸಿಟಿ ಬಸ್ಸು ಒಂದೆರಡು ನಿಮಿಷದಲ್ಲಿ ಎರಡು ವಲಯ ದಾಟುತ್ತದೆ. ಬಸ್ಸಿನೊಳಗಿನ ಗಾಳಿ ಮಾತ್ರ ಯಾವ ವಲಯಕ್ಕೂ ಸೇರದೆ ಸ್ವತಂತ್ರವಾಗಿದೆ.

ಈ ಕೊರತೆ ತುಂಬಲು ಬೇರೆ ಆದೇಶಗಳು ಬಂದವು. ಬಸ್ಸಿನೊಳಗಿನ ಸದ್ದಿನ ಕುರಿತ ಅರ್ಜಿಯೊಂದು ಕರ್ನಾಟಕ ಹೈಕೋರ್ಟಿಗೆ ಬಂದ ಮೇಲೆ, 2021ರ ನವೆಂಬರಿನಲ್ಲಿ ಕೆಎಸ್‌ಆರ್‌ಟಿಸಿ ತನ್ನ ಬಸ್ಸುಗಳಲ್ಲಿ ಮೊಬೈಲ್ ಸ್ಪೀಕರ್ ಹಾಕಿ ಹಾಡು, ವಿಡಿಯೋ ಕೇಳುವುದನ್ನು ನಿಷೇಧಿಸಿತು. ಹೇಳಿದರೂ ಕೇಳದ ಪ್ರಯಾಣಿಕರನ್ನು ಬಸ್ಸಿನಿಂದ ಇಳಿಸಬಹುದು. 2022ರ ಜನವರಿಯಲ್ಲಿ ರೈಲ್ವೆ ಇಲಾಖೆಯೂ ರಾತ್ರಿ 10 ಗಂಟೆಯ ಮೇಲೆ ಗಟ್ಟಿಯಾಗಿ ಹಾಡು ಹಾಕುವುದು, ಮಾತಾಡುವುದು ಕೂಡದೆಂದಿತು. ಮೆಟ್ರೋಗಳಲ್ಲಿ ಸಹಪ್ರಯಾಣಿಕರಿಗೆ ಕಿರುಕುಳ ಕೊಟ್ಟವರಿಗೆ 500 ರೂಪಾಯಿವರೆಗೆ ದಂಡ ಹಾಕಲು 2002ರ ಕೇಂದ್ರ ಕಾಯ್ದೆಯ 59ನೇ ಸೆಕ್ಷನ್ ಇದೆ. ಫ್ರಾನ್ಸಿನ ನಾಂತ್ ನಗರದ ರೈಲು ನಿಲ್ದಾಣದಲ್ಲಿ 2025ರ ಫೆಬ್ರುವರಿಯಲ್ಲಿ ಸ್ಪೀಕರ್ ಹಾಕಿ ಫೋನಿನಲ್ಲಿ ಮಾತಾಡಿದವರೊಬ್ಬರಿಗೆ 150 ಯೂರೋ ದಂಡ ಬಿತ್ತು. ಸ್ಥಳದಲ್ಲೇ ಕಟ್ಟದ್ದಕ್ಕೆ ಅದು 200ಕ್ಕೆ ಏರಿತು. ನಮ್ಮ ದಾನಿಗಳು ಯುರೋಪ್ ಪ್ರವಾಸಕ್ಕೆ ಹೊರಡುವಾಗ ಉಪ್ಪಿನಕಾಯಿ ಜೊತೆಗೆ ಈ ಮೊತ್ತವನ್ನೂ ಕಟ್ಟಿಕೊಳ್ಳುವುದು ಒಳ್ಳೆಯದು.

ಕೆಎಸ್‌ಆರ್‌ಟಿಸಿ ಆದೇಶ ಕಾಗದದ ಮೇಲೆ ಕಟ್ಟುನಿಟ್ಟಾಗಿದೆ. ಅದನ್ನು ಜಾರಿ ಮಾಡಬೇಕಾದವರು ಕಂಡಕ್ಟರು. ಹಬ್ಬದ ಮುಂಚಿನ ದಿನ, ಸಂಜೆಯ ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿ ಟಿಕೆಟ್ ಮೆಷಿನ್ನು, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟು, ಬಾಯಲ್ಲಿ ವಿಸಿಲು. ನಿಂತವರನ್ನು ಒಳಕ್ಕೆ ನೂಕಬೇಕು, ಉಚಿತ ಟಿಕೆಟ್ಟಿನವರ ಆಧಾರ್ ನೋಡಬೇಕು, ಐನೂರರ ನೋಟಿಗೆ ಚಿಲ್ಲರೆ ಹುಡುಕಬೇಕು, ಮುಂದಿನ ಸ್ಟೇಜ್ ಬರುವುದರೊಳಗೆ ಟಿಕೆಟ್ ಮುಗಿಸಬೇಕು. ಇಷ್ಟರ ನಡುವೆ ಹನ್ನೊಂದನೇ ಸೀಟಿನ ಬಳಿ ನಿಂತು ಸೌಂಡ್ ಸ್ವಲ್ಪ ಕಮ್ಮಿ ಮಾಡಿ ಎನ್ನಬೇಕು. ದಾನಿ ಎರಡು ಪಾಯಿಂಟ್ ಇಳಿಸುತ್ತಾರೆ. ಕಂಡಕ್ಟರ್ ಹಿಂದಿನ ಬಾಗಿಲು ಮುಟ್ಟುವಷ್ಟರಲ್ಲಿ ಮೂರು ಪಾಯಿಂಟ್ ಏರಿಸುತ್ತಾರೆ. ಇಳಿಸಲೇಬೇಕೆಂದರೆ ಬಸ್ಸು ನಿಲ್ಲಿಸಿ, ವಾದ ಮಾಡಿ, ಅದನ್ನು ಯಾರೋ ವಿಡಿಯೋ ಮಾಡಿ, ರಾತ್ರಿಯೊಳಗೆ ಅದೇ ಒಂದು ರೀಲ್ ಆಗಿ, ಮರುದಿನ ಇನ್ನೊಂದು ಬಸ್ಸಿನಲ್ಲಿ ಫುಲ್ ವಾಲ್ಯೂಮಿನಲ್ಲಿ ಓಡುತ್ತಿರುತ್ತದೆ. ಆದೇಶ ಹೊರಡಿಸಿದ ಕಚೇರಿಯಲ್ಲಿ ಯಾರೂ ಇಂಥ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು ನೋಡಿದಂತಿಲ್ಲ. ಆಡಳಿತದಲ್ಲಿ ಸುಲಭದ ಕೆಲಸವೆಂದರೆ ಕೆಲಸವನ್ನು ಕೆಳಕ್ಕೆ ಕಳಿಸುವುದು, ಕಂಡಕ್ಟರಿಗಿಂತ ಕೆಳಗೆ ಕಳಿಸಲು ಟೈರು ಬಿಟ್ಟರೆ ಇನ್ನೇನೂ ಇಲ್ಲ.

ಸಹಪ್ರಯಾಣಿಕರ ನಡವಳಿಕೆಯೂ ದಾನಕ್ಕೆ ಪೋಷಕವಾಗಿದೆ. ಅವರಲ್ಲಿ ಒಬ್ಬರು ಕತ್ತು ತಿರುಗಿಸಿ ಒಮ್ಮೆ ದುರುಗುಟ್ಟುತ್ತಾರೆ. ಸ್ಕ್ರೀನಿನಲ್ಲಿ ಮುಳುಗಿದ ದಾನಿಗೆ ಅದು ಕಾಣುವುದಿಲ್ಲ. ಇನ್ನೊಬ್ಬರು ಪಕ್ಕದವರ ಬಳಿ ಕಾಲ ಕೆಟ್ಟುಹೋಯಿತೆಂದು ಪಿಸುಗುಟ್ಟುತ್ತಾರೆ, ಅದೂ ದಾನಿಗೆ ಕೇಳದಷ್ಟು ಮೆಲ್ಲಗೆ. ನಮಗ್ಯಾಕೆ ಊರ ಉಸಾಬರಿ ಎಂದು ಬಹುಪಾಲಿನವರು ಕಿಟಕಿಯಾಚೆ ನೋಡುತ್ತಾರೆ. ಮೂರನೇ ಸೀಟಿನವರು ತಮ್ಮ ಇಯರ್‌ಫೋನ್ ತೆಗೆದು ಸಿಕ್ಕಿಸಿಕೊಳ್ಳುತ್ತಾರೆ. ದಾನಿ ಕೊಳ್ಳಬೇಕಿದ್ದ ಸಾಮಾನನ್ನು ಹೀಗೆ ದಾನ ಪಡೆದವರೇ ಕೊಂಡಿರುತ್ತಾರೆ. ಐಪಿಎಲ್‌ನಲ್ಲಿ ಆರ್‌ಸಿಬಿ ಆಟವಿದ್ದರಂತೂ ಇಡೀ ತಕರಾರೇ ಬಿದ್ದುಹೋಗುತ್ತದೆ. ಕೊನೆಯ ಓವರಿನ ಹೊತ್ತಿಗೆ ದುರುಗುಟ್ಟಿದವರೇ ಎದ್ದು ಬಂದು ದಾನಿಯ ಹೆಗಲ ಮೇಲಿಂದ ಇಣುಕುತ್ತಾರೆ, ಸೌಂಡ್ ಜಾಸ್ತಿ ಮಾಡಿ ಎನ್ನುತ್ತಾರೆ. ದಾನಿಗಳು ತಮ್ಮ ವಿರುದ್ಧದ ಯಾವ ಆಕ್ಷೇಪಕ್ಕೂ ಇದೊಂದನ್ನು ಸಾಕ್ಷಿಯಾಗಿ ಒಡ್ಡಬಹುದು, ಅದಕ್ಕೆ ಉತ್ತರ ಕೊಡುವುದು ಕಷ್ಟ.

ಪರಿಹಾರಕ್ಕೆ ಹೊಸ ಸಮಿತಿ ಬೇಕಿಲ್ಲ. ಟಿಕೆಟ್ಟಿನ ಹಿಂಬದಿಯಲ್ಲಿ ಜಾಹೀರಾತು ಅಚ್ಚಾಗುವಾಗ ಈ ಆದೇಶದ ಒಂದು ಸಾಲೂ ಅಚ್ಚಾಗಬಹುದು. ನಿಲ್ದಾಣದ ಹೆಸರು ಕೂಗುವ ಯಂತ್ರ ಇರುವ ಬಸ್ಸುಗಳಲ್ಲಿ ಅದೇ ಯಂತ್ರ ಈ ಮಾತನ್ನೂ ಹೇಳಬಹುದು. ಯಂತ್ರದೊಂದಿಗೆ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಫೋನ್ ಮಾರುವವರು ಪೆಟ್ಟಿಗೆಯಲ್ಲಿ ಮತ್ತೆ ಒಂದು ಇಯರ್‌ಫೋನ್ ಇಡಬಹುದು. ದಾನಿಗಳು ಮಾಡಬೇಕಾದದ್ದು ಫೋನಿನ ಎಡಬದಿಯಲ್ಲೋ ಬಲಬದಿಯಲ್ಲೋ ಇರುವ ಗುಂಡಿಯ ಕೆಳತುದಿಯನ್ನು ನಾಲ್ಕು ಸಲ ಒತ್ತುವುದು. ಅಷ್ಟೂ ಆಗದಿದ್ದಲ್ಲಿ ಹಾಡನ್ನಾದರೂ ಪೂರ್ತಿ ಕೇಳಿಸಬೇಕಾಗಿ ವಿನಂತಿ.

ಇಂತಿ,
ಕಿಟಕಿ ಪಕ್ಕದ ಸೀಟಿನವರು

ಪ್ರತಿ: ಸೂಕ್ತ ಕ್ರಮಕ್ಕಾಗಿ, ಕಂಡಕ್ಟರಿಗೆ.