ವೇದಾವತಿ (ನೀರಿದ್ದಾಗ): ಒಂದು ಪಾಠಯೋಜನೆಯ ಗ್ರಂಥಸಂಪಾದನೆ

ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ಬಿಂದುಗಳನ್ನು ಸೇರಿಸಿದರೆ ತ್ರಿಭುಜವಾಗುತ್ತದೆ ಎಂಬುದರಲ್ಲಿ ವಿದ್ವಾಂಸರಿಗೆ ತಕರಾರಿಲ್ಲ. ಆದರೆ ಆ ತ್ರಿಭುಜದೊಳಗೆ ಒಂದು ಪಿಡಿಎಫ್ ಯಾರ ಕೈಯಿಂದ ಯಾರ ಕೈಗೆ ದಾಟುತ್ತದೆ, ದಾಟುವಾಗ ಏನನ್ನು ಕಳೆದುಕೊಂಡು ಏನನ್ನು ಅಂಟಿಸಿಕೊಳ್ಳುತ್ತದೆ ಎಂಬ ಬಗ್ಗೆ ಈವರೆಗೆ ಯಾರೂ ತಲೆ ಕೆಡಿಸಿಕೊಂಡಿಲ್ಲ. ಶಾಸನಕ್ಕೆ ತಜ್ಞರಿದ್ದಾರೆ, ತಾಳೆಗರಿಗೆ ತಜ್ಞರಿದ್ದಾರೆ. ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ 'ಸರ್, ನಂಗೂ ಒಂದು ಹಾಕಿ' ಎಂಬ ಮಂಗಳಾಚರಣೆಯೊಂದಿಗೆ ಹೊರಡುವ ಪಾಠಯೋಜನೆಗೆ ಮಾತ್ರ ಹೇಳುವವರು ಕೇಳುವವರಿಲ್ಲ. ಸೀಮೆಸುಣ್ಣದ ಧೂಳು ಸಾಕಷ್ಟು ಕುಡಿದಿರುವ ನಾನು ಆ ಕೊರತೆ ನೀಗಿಸಲು ಮುಂದಾಗಿದ್ದೇನೆ.

ಮೊದಲು ಶಬ್ದವಿಚಾರ. ಪಿಡಿಎಫ್ ಎಂಬುದು ಇಂಗ್ಲಿಷಿನ ಮೂರಕ್ಷರ ಎನ್ನುವುದು ಪಾಮರರ ಮತ. ಅದು ಅಚ್ಚ ಹಳಗನ್ನಡ. 'ಪಿಡಿ' ಎಂದರೆ ಹಿಡಿ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಇದೂ ಇಷ್ಟರಲ್ಲಿ 'ಹಿಡಿಎಫ್' ಆಗಬೇಕಿತ್ತು. ಇಲಾಖೆಯಿಂದ ಸುತ್ತೋಲೆ ಬಾರದ್ದರಿಂದ ನಿಂತಿದೆ. ಅರ್ಥವಂತೂ ಸ್ಪಷ್ಟ: ಕಳಿಸುವವರು 'ಹಿಡಿ' ಎನ್ನುತ್ತಾರೆ, ನಾವು ಹಿಡಿಯುತ್ತೇವೆ. ಹಿಡಿದದ್ದನ್ನು ತೆರೆಯಬೇಕೆಂದು ಧಾತುವಿನಲ್ಲಿ ಎಲ್ಲೂ ಹೇಳಿಲ್ಲ. ನನ್ನ ಫೋನಿನಲ್ಲಿ ಹೀಗೆ ಹಿಡಿದವು ಸಾವಿರದ ಮೇಲಿವೆ. ತೆರೆದವು ಎಷ್ಟು ಎಂಬುದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ಕ್ಷೇತ್ರಪರಿಚಯ. ಬೀರೂರು ಜಂಕ್ಷನ್ನಿನಲ್ಲಿ ರೈಲುಹಳಿ ಕವಲೊಡೆದು ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೂ ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೂ ಹೋಗುತ್ತದೆ. ಕಡೂರು ಬೆಂಗಳೂರಿನ ದಿಕ್ಕಿಗೆ, ಪಕ್ಕದಲ್ಲೇ. ಮೂರೂ ಊರಿಗೆ ಸೇರಿದ ಒಂದು ಸರ್ವರ್ ಇದೆಯೆಂದಾದರೆ ಅದು ಬೀರೂರೇ. ಈ ಸೀಮೆಯಲ್ಲಿ ಮಳೆಗೂ ಸಿಗ್ನಲ್‌ಗೂ ವಿಲೋಮಾನುಪಾತ. ತರೀಕೆರೆಯ ಪಶ್ಚಿಮಕ್ಕೆ ಲಕ್ಕವಳ್ಳಿ, ಕೆಮ್ಮಣ್ಣುಗುಂಡಿಯ ಕಡೆ ಮಳೆ ಧಾರಾಳ, ಫೋನಿನಲ್ಲಿ ಗೀಟು ಒಂದೂ ಇಲ್ಲ. ಕಡೂರಿನ ಬಯಲಿನಲ್ಲಿ ಗೀಟು ನಾಲ್ಕಿವೆ, ಆಕಾಶದಲ್ಲಿ ಮೋಡವಿಲ್ಲ. ಎರಡೂ ಅರ್ಧರ್ಧ ಸಿಗುವ ಊರು ಅಜ್ಜಂಪುರ; ಅಲ್ಲಿಯ ಮೇಷ್ಟ್ರುಗಳ ಸಮಚಿತ್ತಕ್ಕೆ ಇದೇ ಕಾರಣವಿರಬೇಕು.

ವಾಟ್ಸಾಪ್‌ಗೆ ಮೊದಲು ಪೆನ್‌ಡ್ರೈವ್ ಯುಗವಿತ್ತು. ಅದನ್ನು ಚುಚ್ಚಿದ ಕಡೆಯೆಲ್ಲ ಪಾಠದ ಜೊತೆಗೆ ಶಾರ್ಟ್‌ಕಟ್ ವೈರಸ್ಸೂ ಹೋಗುತ್ತಿತ್ತು. ಶಿಕ್ಷಕರು ಇವೆರಡನ್ನೂ ಪಕ್ಷಪಾತವಿಲ್ಲದೆ ಹಂಚಿದರು. ಆ ಯುಗದ ನಿಜವಾದ ಭಂಡಾರ ಇದ್ದದ್ದು ಝೆರಾಕ್ಸ್ ಅಂಗಡಿಯಲ್ಲಿ. ಈಗಲೂ ಅಲ್ಲೇ ಇದೆ. ತಾಲ್ಲೂಕು ಕೇಂದ್ರದ ಯಾವುದೇ ಝೆರಾಕ್ಸ್ ಅಂಗಡಿಯ ಕಂಪ್ಯೂಟರ್ ಪರದೆಯನ್ನು ಒಮ್ಮೆ ನೋಡಿ: ನೀಲನಕ್ಷೆ, ಕ್ರಿಯಾಯೋಜನೆ, ಪಾಸಿಂಗ್ ಪ್ಯಾಕೇಜು, ಅದರ ಮೇಲೆ ಯಾರದೋ ಮದುವೆ ಕರೆಯೋಲೆ, ಪಕ್ಕದಲ್ಲಿ ಪಹಣಿ. ಕಡತಗಳ ಹೆಸರೂ ವಿದ್ವತ್ಪೂರ್ಣ: 'ಕಡೂರು ಸರ್ ಕೊಟ್ಟಿದ್ದು', 'ತರೀಕೆರೆ ಮೇಡಂ ಸರಿ ಮಾಡಿದ್ದು', 'ಇದೇ ಕರೆಕ್ಟು'. ಗ್ರಂಥಾಲಯಶಾಸ್ತ್ರದಲ್ಲಿ ಡ್ಯೂಯಿ ದಶಮಾಂಶ ಪದ್ಧತಿಯೊಂದಿದೆ. ಈ ಪದ್ಧತಿ ಅದಕ್ಕಿಂತ ಮೇಲು. ಪುಸ್ತಕ ಎಲ್ಲಿದೆ ಎಂದಷ್ಟೇ ಡ್ಯೂಯಿ ಹೇಳುತ್ತಾನೆ. ಯಾರನ್ನು ಬೈಯಬೇಕು ಎಂಬುದನ್ನೂ ಇದು ಹೇಳುತ್ತದೆ.

ಈಗ ಮುಖ್ಯ ವಿಷಯ. ಹತ್ತನೆಯ ತರಗತಿಯ ಬೆಳಕಿನ ವಕ್ರೀಭವನದ ಪಾಠಯೋಜನೆಯೊಂದರ ಮೂರು ಪ್ರತಿಗಳು ನನಗೆ ದೊರೆತಿವೆ. ಅವನ್ನು ಕ ಪ್ರತಿ, ತ ಪ್ರತಿ, ಅ ಪ್ರತಿ ಎಂದು ಕರೆಯುತ್ತೇನೆ. ಯಾವುದು ಯಾವ ಊರಿನದೆಂದು ಬಿಡಿಸಿ ಹೇಳಬೇಕಿಲ್ಲ. ಮೂರರ ತಲೆಬರಹದಲ್ಲೂ ರಾಯಚೂರು ಜಿಲ್ಲೆಯ ಶಾಲೆಯೊಂದರ ಹೆಸರಿದೆ. ಪಡೆದವರು ಯಾರೂ ಅದನ್ನು ಬದಲಿಸಿಲ್ಲ. ಹೀಗಾಗಿ ಮೂಲಪ್ರತಿ ಹುಟ್ಟಿದ್ದು ಕೃಷ್ಣಾ ತೀರದಲ್ಲಿ ಎಂದು ನಿರ್ಣಯಿಸಬಹುದು. ಇದಕ್ಕೆ ಆಂತರಿಕ ಪ್ರಮಾಣವೂ ಉಂಟು. ನೀರಿನಲ್ಲಿ ಅರ್ಧ ಮುಳುಗಿದ ಕೋಲು ಯಾಕೆ ಮುರಿದಂತೆ ಕಾಣುತ್ತದೆ ಎಂಬಲ್ಲಿಗೆ ಬಂದಾಗ, 'ಸ್ಥಳೀಯ ಉದಾಹರಣೆ' ಎಂಬ ಅಂಕಣದಲ್ಲಿ ಮೂಲಕಾರರು ಕೃಷ್ಣಾ ನದಿಯನ್ನು ಬರೆದಿದ್ದಿರಬೇಕು. ಅದರ ಮೇಲೆಯೇ ಉಳಿದ ಎಲ್ಲ ಪಾಠಾಂತರಗಳು ಬೆಳೆದಿವೆ.

ತ ಪ್ರತಿಯಲ್ಲಿ ಕೃಷ್ಣೆ ಹೋಗಿ 'ಭದ್ರಾ' ಬಂದಿದೆ. ಲಕ್ಕವಳ್ಳಿಯ ಅಣೆಕಟ್ಟು ಅದೇ ತಾಲ್ಲೂಕಿನಲ್ಲಿರುವುದರಿಂದ ಇದು ಸಹಜ, ಸ್ವಲ್ಪ ಜಂಬವೂ ಇದೆ. ಅ ಪ್ರತಿಯ ಪಾಠ 'ನಮ್ಮೂರ ಕೆರೆ', ಮಿತಭಾಷಿಗಳು. ಕ ಪ್ರತಿಯಲ್ಲಿ ಮಾತ್ರ ಸಂಪಾದಕನ ಎದೆ ಝಲ್ಲೆನ್ನಿಸುವ ಪಾಠವಿದೆ: 'ವೇದಾವತಿ (ನೀರಿದ್ದಾಗ)'. ಆ ಆವರಣ ಚಿಹ್ನೆಯೊಳಗಿನ ಒಂದು ಪದದಲ್ಲಿ ಕಡೂರಿನ ಭೂಗೋಳ, ಇತಿಹಾಸ, ಅರ್ಥಶಾಸ್ತ್ರ ಮೂರೂ ಅಡಕವಾಗಿವೆ. ನೀರಿನ ವಕ್ರೀಭವನ ಸೂಚ್ಯಂಕ 1.33 ಎಂದು ಪಠ್ಯಪುಸ್ತಕ ಹೇಳುತ್ತದೆ. ನೀರೇ ಇಲ್ಲದ ನದಿಯಲ್ಲಿ ಕೋಲು ನೆಟ್ಟಗೇ ಕಾಣುತ್ತದೆ ಎಂಬ ಸತ್ಯವನ್ನು ಅದು ಹೇಳುವುದಿಲ್ಲ. ಕಡೂರಿನ ಆ ಅಜ್ಞಾತ ಶಿಕ್ಷಕರು ಹೇಳಿದರು. ನಾನು ಕಂಡ ಸಹಶಿಕ್ಷಕರ ಬರವಣಿಗೆಯಲ್ಲಿ ಇಷ್ಟು ಪ್ರಾಮಾಣಿಕ ಪದ ಇನ್ನೊಂದಿಲ್ಲ. ಇದನ್ನು ಹೇಳುವಾಗ ನಾನು ಅಣಕಿಸುತ್ತಿಲ್ಲ.

ಪ್ರಕ್ಷಿಪ್ತಗಳ ವಿಷಯ ಬೇಗ ಮುಗಿಸೋಣ. ಅ ಪ್ರತಿಯ ಏಳನೆಯ ಪುಟದಲ್ಲಿ 'ಸೊಸೈಟಿ ಕಂತು ಶನಿವಾರ' ಎಂಬ ಸಾಲಿದೆ. ಇದು ಮೂಲಕಾರರದಲ್ಲ ಎಂಬುದು ಶೈಲಿಯಿಂದಲೇ ತಿಳಿಯುತ್ತದೆ: ಇಡೀ ಪಾಠಯೋಜನೆಯಲ್ಲಿ ಗಡುವಿರುವ ವಾಕ್ಯ ಇದೊಂದೇ.

ಹಂಚಿಕೆಗೆ ಶಾಸ್ತ್ರೋಕ್ತ ಮಾರ್ಗವೇ ಇಲ್ಲವೆಂದಲ್ಲ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಸೇರಿ ಕಟ್ಟಿದ ಕೋಯರ್, ಅಂದರೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ, ವಿಕಿಪೀಡಿಯ ನಿಂತಿರುವ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ ನಿಂತಿದೆ. ಯಾರು, ಯಾವ ದಿನ, ಎಷ್ಟು ಗಂಟೆಗೆ ಯಾವ ಅಕ್ಷರ ತಿದ್ದಿದರು ಎಂಬುದು ಅಲ್ಲಿ ಉಳಿಯುತ್ತದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಮೂಲ ಯಾರದೆಂದು ಹೇಳಬೇಕು, ತಿದ್ದಿದ್ದನ್ನು ಅದೇ ಷರತ್ತಿನ ಮೇಲೆ ಮತ್ತೆ ಹಂಚಬೇಕು. ಗ್ರಂಥಸಂಪಾದಕನ ಹೊಟ್ಟೆಯ ಮೇಲೆ ಹೊಡೆಯುವ ವ್ಯವಸ್ಥೆಯಿದು. ಎಲ್ಲವೂ ದಾಖಲಾಗಿಬಿಟ್ಟರೆ ಊಹಿಸಲು ನಮಗೇನು ಉಳಿಯಿತು? ಅದೃಷ್ಟವಶಾತ್ ನಮ್ಮ ಸೀಮೆಯಲ್ಲಿ ಅಲ್ಲಿಂದ ಇಳಿಸಿಕೊಂಡದ್ದನ್ನೂ ಪಿಡಿಎಫ್ ಮಾಡಿ, ಮೂಲದ ಸಾಲನ್ನು ಕತ್ತರಿಸಿ, ಕೈಮುಗಿದ ಚಿತ್ರದೊಂದಿಗೆ ಕಳಿಸುವ ರೂಢಿಯಿದೆ. ಪಡೆದವರು ಮರಳಿ ಕೈ ಮುಗಿಯುತ್ತಾರೆ. ನಲವತ್ತು ಜನ ಮುಗಿದ ಕೈಗಳ ಕೆಳಗೆ ಕಡತ ಹೂತುಹೋಗುತ್ತದೆ. ಮರುದಿನ ಒಬ್ಬರು ಕೇಳುತ್ತಾರೆ, 'ಸರ್, ವಕ್ರೀಭವನದ್ದು ಯಾರ ಹತ್ರಾದ್ರೂ ಇದ್ಯಾ?'

ಜಿಯೋಜೀಬ್ರಾ ಹಂಚಿಕೆ ಬೇರೆ ತೆರ. ಆಸ್ಟ್ರಿಯದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಶುರುಮಾಡಿದ ಈ ಗಣಿತ ತಂತ್ರಾಂಶ ಗಣಿತದ ಮೇಷ್ಟ್ರುಗಳ ಕೈಗೆ ಬಂದ ಮೇಲೆ ನನ್ನ ಸಹೋದ್ಯೋಗಿಯೊಬ್ಬರು ನಮ್ಮ ಮೂರೂ ಊರುಗಳನ್ನು ಶೃಂಗಗಳಾಗಿಟ್ಟು ತ್ರಿಭುಜ ಬರೆದು ಹಂಚಿದರು. ಅಜ್ಜಂಪುರವನ್ನು ಬೆರಳಿನಲ್ಲಿ ಹಿಡಿದು ಎತ್ತ ಎಳೆದರೂ ಒಳಕೋನಗಳ ಮೊತ್ತ 180 ಡಿಗ್ರಿಯೇ. ಅದು ತರೀಕೆರೆಯಿಂದ ಬೇರೆಯಾಗಿ ಸ್ವಂತ ತಾಲ್ಲೂಕಾದಾಗಲೂ ಈ ಮೊತ್ತ ಬದಲಾಗಲಿಲ್ಲವೆಂದು ಅವರು ತರಗತಿಯಲ್ಲಿ ಹೇಳಿದರಂತೆ. ಹುಡುಗರು ಪ್ರಮೇಯ ಮರೆತರೂ ಇದನ್ನು ಮರೆತಿಲ್ಲ.

ಲಿಪಿಯ ಬಗ್ಗೆ ಎರಡು ಮಾತು ಹೇಳದೆ ಪ್ರಬಂಧ ಪೂರ್ಣವಾಗದು. ಕ ಪ್ರತಿಯ ವರ್ಡ್ ಕಡತ ಹಳೆಯ ನುಡಿ ತಂತ್ರಾಂಶದ್ದು. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿಯಲ್ಲಿ ಕನ್ನಡ ಅಕ್ಷರ ಪರದೆಯ ಮೇಲಿನ ವೇಷ ಮಾತ್ರ. ಒಳಗಿರುವುದು ರೋಮನ್ ಸಂಕೇತಗಳು. 'ಕ' ಎಂದರೆ ಪಿ ಅಕ್ಷರ, ಪಕ್ಕದಲ್ಲಿ ತಲೆಗೆ ಗೀರು ಬಿದ್ದ ಒಂದು ಎ. 'ನ' ಬರೆದರೆ ಬ್ರಿಟಿಷರ ಪೌಂಡ್ ಚಿಹ್ನೆ. ನಕಾರದ ಒತ್ತು ಕೊಟ್ಟರೆ ಜರ್ಮನ್ನರ ದ್ವಿತ್ವ ಸಕಾರ. ಅಂದರೆ 'ಕನ್ನಡ' ಎಂದು ಟೈಪ್ ಮಾಡಿದ ಮೇಷ್ಟ್ರು ತಮಗೆ ಗೊತ್ತಿಲ್ಲದೆಯೇ ಯುರೋಪು ಪ್ರವಾಸ ಮುಗಿಸಿರುತ್ತಾರೆ. ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ವೇಷ ಕಳಚಿ ಈ ಸಂತೆ ಬಯಲಾಗುತ್ತದೆ. ನಾನು ಅದನ್ನು ಮೊದಲು ಕಂಡಾಗ ಬ್ರಾಹ್ಮಿಗಿಂತ ಹಳೆಯ ಲಿಪಿಯೆಂದು ಭ್ರಮಿಸಿ ಎರಡು ರಾತ್ರಿ ನಿದ್ದೆಗೆಟ್ಟೆ.

ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋದದ್ದು ಆ ನಿದ್ದೆಗೆಟ್ಟ ಕಣ್ಣುಗಳಲ್ಲೇ. ಅಲ್ಲಿಯ ಅಮೃತೇಶ್ವರ ದೇವಾಲಯ 1196ರದು. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕಟ್ಟಿಸಿದ್ದು. ಅಲ್ಲಿಯ ಶಾಸನದ ಪದ್ಯಗಳು ಕವಿ ಜನ್ನನವು. ಎಂಟು ಶತಮಾನ ಕಳೆದರೂ ಕಡತ ತೆರೆಯುತ್ತದೆ. ಫಾಂಟ್ ಕೇಳುವುದಿಲ್ಲ, ಅಪ್‌ಡೇಟ್ ಕೇಳುವುದಿಲ್ಲ. ಒಂದೇ ದೋಷ: ಫಾರ್ವರ್ಡ್ ಮಾಡಲು ಬರುವುದಿಲ್ಲ. ಓದಬೇಕೆಂದರೆ ನಾವೇ ಎದ್ದು ಹೋಗಿ ಅದರ ಮುಂದೆ ನಿಲ್ಲಬೇಕು. ಸಂಪನ್ಮೂಲ ಹಂಚಿಕೆಯ ದೃಷ್ಟಿಯಿಂದ ಜನ್ನ ಹಿಂದುಳಿದವನೆಂದೇ ಹೇಳಬೇಕಾಗುತ್ತದೆ.

ಯೋಜನೆಗಳ ಹೆಸರಿನ ಬಗ್ಗೆಯೂ ಒಂದು ಟಿಪ್ಪಣಿ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ' ಎಂಬ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ 'ಅಮೃತಮಹಲ್' ಆಯಿತು. ಆ ತಳಿಯ ದನಗಳು ಅಜ್ಜಂಪುರದ ಕೇಂದ್ರದಲ್ಲಿ ಇಂದಿಗೂ ಇವೆ. ಹೆಸರು ಬದಲಾದದ್ದು ದನಗಳಿಗೆ ಗೊತ್ತಾಗಲಿಲ್ಲ. ಶಾಲೆಗಳ ಕಂಪ್ಯೂಟರ್ ಯೋಜನೆಗಳದೂ ಇದೇ ಕಥೆ: 'ಮಾಹಿತಿ ಸಿಂಧು' ಹೋಗಿ 'ಐಸಿಟಿ' ಬಂತು, ಆಮೇಲೆ 'ಟಾಲ್ಪ್' ಬಂತು, 2017ರಲ್ಲಿ 'ದೀಕ್ಷಾ' ಬಂದು ಪಠ್ಯಪುಸ್ತಕದ ಮೇಲೆ ಕ್ಯೂಆರ್ ಚೌಕ ಮೂಡಿತು. ಹುಡುಗರು ಆ ಚೌಕಕ್ಕೆ ಪೆನ್ನಿನಲ್ಲಿ ಮೀಸೆ ಬರೆದರು. ಸ್ವಲ್ಪ ಅಳಿಸಿದರೂ ಓದಲಾಗುವ ದೋಷನಿವಾರಣಾ ಗಣಿತ ಅದರೊಳಗೇ ಇರುವುದರಿಂದ ಮೀಸೆ ಸಮೇತ ಅದು ಕೆಲಸ ಮಾಡಿತು.

ಪ್ರಬಂಧ ಇಲ್ಲಿಗೆ ಮುಗಿಯಬೇಕಿತ್ತು. ಕರಡು ತಿದ್ದುತ್ತಿರುವಾಗ ನಾಲ್ಕನೆಯ ಪ್ರತಿಯೊಂದು ಬಂತು. ಕಳಿಸಿದವರು ರಾಯಚೂರು ಜಿಲ್ಲೆಯಲ್ಲಿ ವಿಜ್ಞಾನ ಪಾಠ ಮಾಡುವ ಹಳೆಯ ಗೆಳೆಯರು, ಬಿ.ಇಡಿ.ಯಲ್ಲಿ ನನ್ನ ಪಕ್ಕದ ಬೆಂಚು. 'ಹೊಸದು ಬಂದದ, ಭಾಳ ಚಲೋ ಅದ, ನೋಡ್ರಿ' ಎಂಬ ಒಕ್ಕಣೆ. ತೆರೆದೆ, ಈ ಸಲ ನಿಜವಾಗಿ ತೆರೆದೆ. ತಲೆಬರಹದಲ್ಲಿ ಅದೇ ಶಾಲೆ. ಏಳನೆಯ ಪುಟದಲ್ಲಿ ಸೊಸೈಟಿ ಕಂತು. ಸ್ಥಳೀಯ ಉದಾಹರಣೆಯ ಅಂಕಣದಲ್ಲಿ, ಕೃಷ್ಣೆಯಿದ್ದ ಜಾಗದಲ್ಲಿ, 'ವೇದಾವತಿ (ನೀರಿದ್ದಾಗ)'.

ಕೆಳಗೆ ಇನ್ನೊಂದು ಮೆಸೇಜು: 'ಸರ್, ಈ ವೇದಾವತಿ ಎಲ್ಲಿ ಬರ್ತದ್ರಿ? ಹುಡುಗ್ರು ಕೇಳಾಕತ್ಯಾರ.'