ನೆಲ ನೋಡಿ ನಡೆಯುವವರು

ತಲೆತಗ್ಗಿಸಿ ನೆಲ ನೋಡಿ ನಡೆಯುವುದು ವಿನಯದ ಲಕ್ಷಣವಾಗಿದ್ದ ಕಾಲ ಹೋಯಿತು. ಈಗ ಬೆಂಗಳೂರಿನಲ್ಲಿ ಯಾರಾದರೂ ಹಾಗೆ ನಡೆಯುತ್ತಿದ್ದರೆ, ಅವರು 30×40ರ ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದಾರೆ, ಪ್ಲಾಸ್ಟರಿಂಗ್ ಮುಗಿದಿದೆ, ನೆಲಕ್ಕೆ ಮರವೋ ಮರದಂಥ ಟೈಲ್ಸೋ ಎಂಬುದು ಮಾತ್ರ ಇತ್ಯರ್ಥವಾಗಿಲ್ಲ ಎಂದರ್ಥ.

ಇವರ ಸ್ಕೂಟರಿನ ಡಿಕ್ಕಿಯಲ್ಲಿ ಟೈಲ್ ತುಂಡು, ಜೇಬಿನಲ್ಲಿ ಟೇಪು. ನಿಮ್ಮ ಮನೆಗೆ ಬಂದರೆ ಕೂರುವ ಮೊದಲೇ ಬಗ್ಗಿ, ಬೆರಳ ಗೆಣ್ಣಿನಿಂದ ನೆಲ ಕುಟ್ಟುತ್ತಾರೆ. "ಟೊಳ್ಳು ಸದ್ದು ಬರ್ತಿದೆಯಲ್ಲಾ... ಇರ್ಲಿ ಬಿಡಿ" ಎಂದು ಕಾಫಿ ಕುಡಿದು ಹೋಗುತ್ತಾರೆ. ವರ್ಷಗಟ್ಟಲೆ ನೆಮ್ಮದಿಯಾಗಿ ಓಡಾಡಿಕೊಂಡಿದ್ದ ನೆಲದ ಮೇಲೆ ಆವತ್ತಿನಿಂದ ನೀವು ಅಳುಕುತ್ತ ಕಾಲಿಡಬೇಕು.

ಮೊದಮೊದಲು ಇವರು ಮರದ ಪಕ್ಷ. ಮೈಸೂರು ರಸ್ತೆಯ ಟಿಂಬರ್ ಯಾರ್ಡುಗಳಲ್ಲಿ ಬರ್ಮಾ ತೇಗವನ್ನು ಮೂಸಿ, ಕಣ್ಣು ಮುಚ್ಚಿ, "ಆಹಾ" ಎನ್ನುತ್ತಾರೆ. ಚದರಡಿಗೆ ಎಷ್ಟೆಂದು ಕೇಳಿದ ಮರುಕ್ಷಣವೇ ಪರಿಸರ ಪ್ರಜ್ಞೆ ಜಾಗೃತವಾಗುತ್ತದೆ. "ನಮ್ಮನೆ ಒಂದು ಹಾಲಿಗೋಸ್ಕರ ಎಷ್ಟು ಮರ ಬೀಳಬೇಕು ಹೇಳಿ! ಮನಸ್ಸು ಒಪ್ಪಲ್ಲ ಸಾರ್." ಒಪ್ಪದ ಮನಸ್ಸಿಗೆ ಬೇರೆ ಕಾರಣಗಳೂ ಬೇಗ ಸಿಗುತ್ತವೆ. ಮರ ಆಷಾಢದಲ್ಲಿ ತೇವ ಕುಡಿದು ಅಡ್ಡಡ್ಡ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಸಂದು ಬಿಡುತ್ತದೆ. ಸಂದಿಗೆ ಬಿದ್ದ ಸಾಸಿವೆ ಕಾಳನ್ನು ತೆಗೆಯುವವರು ಯಾರು? ಮೇಲಾಗಿ ಗೆದ್ದಲು. ಮೇಲಾಗಿ ಸೊಸೆಯ ಹೈಹೀಲ್ಡ್. (ಮಗನಿಗೆ ಇನ್ನೂ ಮದುವೆಯಾಗಿಲ್ಲ.)

ಅಲ್ಲಿಂದ ಪಕ್ಷಾಂತರ. ಟೈಲ್ಸ್ ತಯಾರಾಗುವ ಗುಜರಾತಿನ ಮೋರ್ಬಿ ಇವರ ಪುಣ್ಯಕ್ಷೇತ್ರವಾಗುತ್ತದೆ. 200×1200 ಮಿಲಿಮೀಟರಿನ ಪೋರ್ಸಿಲೇನ್ ಹಲಗೆ, ನೀರು ಹೀರುವುದು ಶೇ 0.5ಕ್ಕಿಂತ ಕಡಿಮೆ. ಇದನ್ನು ಇವರು ಮಗನ ಮಾರ್ಕ್ಸ್ ಹೇಳುವ ದನಿಯಲ್ಲಿ ಹೇಳುತ್ತಾರೆ. ಶೋರೂಮಿನ ಹುಡುಗನಿಗೆ ಕೇಳುವ ಮೊದಲ ಪ್ರಶ್ನೆ ಬೆಲೆಯದಲ್ಲ: "ಎಷ್ಟು ಫೇಸ್ ಇದೆ?" ಮರದ ಚಿತ್ರವನ್ನು ಇಂಕ್‌ಜೆಟ್ ಯಂತ್ರ ಟೈಲಿನ ಮೇಲೆ ಮುದ್ರಿಸುತ್ತದಲ್ಲ, ಒಂದು ವಿನ್ಯಾಸಕ್ಕೆ ನಾಲ್ಕೇ ಫೇಸ್, ಅಂದರೆ ನಾಲ್ಕೇ ಚಿತ್ರವಿದ್ದರೆ ಅದೇ ಗಂಟು ಹಾಲಿನುದ್ದಕ್ಕೂ ಮತ್ತೆ ಮತ್ತೆ ಎದುರಾಗುತ್ತದೆ. ಹಾಗಾಗಿ ಪೆಟ್ಟಿಗೆ ಪೆಟ್ಟಿಗೆ ಟೈಲ್ಸ್ ಹಾಸಿಸಿ, ಪ್ಯಾಂಟು ಮೊಣಕಾಲಿಗೆ ಮಡಚಿ, ಜೋಡಿ ಗಂಟುಗಳನ್ನು ಹುಡುಕುತ್ತ ಅಂಬೆಗಾಲಿಡುತ್ತಾರೆ. ಹುಡುಗ ಊಟಕ್ಕೆ ಹೋಗಿ ಬಂದರೂ ಇವರು ಮೂರನೆಯ ಸಾಲಿನಲ್ಲೇ ಇರುತ್ತಾರೆ.

ಇಷ್ಟಾಗಿಯೂ ತೀರ್ಮಾನ ಇವರದಲ್ಲ. ಹಳೇ ಮನೆಯ ನೆಲ ಒರೆಸುವಾಕೆ ಎರಡೂ ಸ್ಯಾಂಪಲ್ ನೋಡಿ ಕೇಳುವುದು ಒಂದೇ ಮಾತು: "ಬಕೀಟು ನೀರು ಹುಯ್ಯಬೌದಾ?" ಮರಕ್ಕೆ ಹುಯ್ಯುವಂತಿಲ್ಲ, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲೇ ಒರೆಸಬೇಕು ಎಂದು ತಿಳಿದ ಆಕೆ "ಹಂಗಾರೆ ನೀವೇ ಒರೆಸ್ಕಳಿ" ಎನ್ನುತ್ತಾಳೆ. ಟೈಲ್ಸ್ ಗೆದ್ದಿತು.

ಹಾಸುವಾಗ ಮೇಸ್ತ್ರಿ ಜೊತೆ ಇನ್ನೊಂದು ಸುತ್ತು. ಇಟ್ಟಿಗೆ ಗೋಡೆಯ ಹಾಗೆ ಅರ್ಧಕ್ಕರ್ಧ ಸರಿಸಿ ಹಾಕಿ ಎಂದು ಇವರು. ಉದ್ದ ಟೈಲ್ಸ್ ನಡುವೆ ಒಂಚೂರು ಬಾಗಿರುತ್ತೆ, ಮೂರರಲ್ಲೊಂದು ಪಾಲಷ್ಟೇ ಸರಿಸಬೇಕು, ಇಲ್ಲದಿದ್ದರೆ ಅಂಚು ಕಾಲಿಗೆ ಎಡವುತ್ತೆ ಎಂದು ಮೇಸ್ತ್ರಿ. ಮೇಸ್ತ್ರಿಯೇ ಸರಿ. ಮರುದಿನದಿಂದ ಆ ಮಾತನ್ನು ಇವರು ತಮ್ಮದೇ ಶೋಧವೆಂಬಂತೆ ಊರೆಲ್ಲ ಹೇಳುತ್ತಾರೆ.

ಗೃಹಪ್ರವೇಶದ ದಿನ ಬಾಗಿಲಲ್ಲೇ ನಿಂತು, ಬಂದವರು ಮರವೆಂದು ಮೋಸಹೋಗಲಿ ಎಂದು ಕಾಯುತ್ತಾರೆ. ಈ ವೇಷದ ಟೈಲ್ಸ್ ಕಂಡುಹಿಡಿದವರು ಬೂಟು ಹಾಕಿಕೊಂಡೇ ಮನೆಯೊಳಗೆ ಓಡಾಡುವ ಜನ ಇರಬೇಕು ಅಂತ ನನ್ನ ಗುಮಾನಿ. ನಮ್ಮಲ್ಲಿ ಚಪ್ಪಲಿ ಹೊರಗೆ ಬಿಟ್ಟು ಬರುತ್ತಾರೆ. ಕಣ್ಣಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತದೆ. "ಅಬ್ಬ, ಎಷ್ಟು ತಣ್ಣಗಿದೆ! ಟೈಲ್ಸಾ?" ಎಂದು ಮೊದಲ ಅತ್ತೆಯೇ ಗುಟ್ಟು ಒಡೆಯುತ್ತಾರೆ.

ಮೊನ್ನೆ ಮದುವೆಯೊಂದಕ್ಕೆ ಮಲೆನಾಡಿಗೆ ಹೋದಾಗ ಇವರೂ ಬಂದಿದ್ದರು. ಹಳೇ ತೊಟ್ಟಿಮನೆ, ಮೇಲೆ ಮಹಡಿ, ಹಲಸಿನ ಹಲಗೆಯ ನೆಲ. ಹತ್ತಿದವರೇ ಮೊಣಕಾಲೂರಿ ಈ ಮೂಲೆಯಿಂದ ಆ ಮೂಲೆಗೆ ಹರಿದಾಡಿ, ಎದ್ದು, ಮನೆಯ ಯಜಮಾನರ ಕೈ ಕುಲುಕಿದರು.

"ಒಂದು ಗಂಟೂ ರಿಪೀಟ್ ಆಗಿಲ್ಲ ಸಾರ್! ಎಷ್ಟು ಫೇಸು?"

ಯಜಮಾನರು ಯೋಚಿಸಿ ಹೇಳಿದರು: "ಕರೆಂಟಾ? ಸಿಂಗಲ್ ಫೇಸು. ಅದೂ ಮಳೆಗಾಲದಲ್ಲಿ ಇರೂದಿಲ್ಲ."